ಮೂರು ನೀಲಿ ನಾಣ್ಯ

ನಲವತ್ತೆರಡು ಜೀಬಿ. ಎರಡು ರಾತ್ರಿ ಇಳಿಯಿತು,
ನಡುವೆ ಮೂರು ಸಲ ಕರೆಂಟು ಹೋಗಿ.
ಶಿಡ್ಲಘಟ್ಟದ ನಮ್ಮ ಓಣಿಯಲ್ಲಿ ಆ ಹೊತ್ತಿಗೆ ಎದ್ದಿರುವವರು
ಒಲೆಗೆ ಸೌದೆ ತುಂಬುವ ಚಾಂದ್ ಪಾಷ, ಬಿಟ್ಟರೆ ನಾನು.
ಹಬ್ಬದ ಹಿಂದಿನ ರಾತ್ರಿ ಅಂಗಿ ಹೊಲಿದು ಮುಗಿಸದ ದರ್ಜಿಯ
ಕಟ್ಟೆಯ ಮೇಲೆ ಕೂತಿರುತ್ತಿದ್ದೆನಲ್ಲ ಸಣ್ಣವನಿದ್ದಾಗ,
ಹಾಗೆ ಕೂತಿದ್ದೆ. ತೊಂಬತ್ತೇಳು. ತೊಂಬತ್ತೆಂಟು.

ಬಾಗಿಲು ತೆರೆಯಿತು. ಎಲ್ಲ ಮಿರಮಿರ.
ನೀರು ನೀರಿಗಿಂತ ಚೆನ್ನಾಗಿತ್ತು, ಸುಳ್ಳು ಹೇಳಬಾರದು.
ಕಲ್ಲಿನ ಮೇಲಿನ ಪಾಚಿಯನ್ನು ಎಳೆ ಎಳೆಯಾಗಿ ಎಣಿಸಬಹುದಿತ್ತು.
ಜನ ಇರಲಿಲ್ಲ.

ಒಂಬತ್ತು ವರ್ಷದ ಹಿಂದೆ ಉಪ್ಪಿನ ಬಯಲು ದಾಟುವುದಕ್ಕೆ
ಮುಕ್ಕಾಲು ಗಂಟೆ. ನಡೆಯಬೇಕು, ಬೇರೆ ದಾರಿಯಿಲ್ಲ.
ಒಬ್ಬನೇ ಹೋದರೆ ತೋಳ ತಿನ್ನುತ್ತಿತ್ತು,
ಅದಕ್ಕೇ ಬಯಲಿನ ಈಚೆ ಬೇವಿನಂಥ ಒಂದು ಮರದ ಕೆಳಗೆ
ಇನ್ನೊಬ್ಬ ಬರಲೆಂದು ಕಾಯುವುದು.
ಹಾಗೆ ಬಂದವನು ಶಿವಾರೆಡ್ಡಿ, ಚೇಳೂರಿನವನು,
ಹೆಗಲಿಗೆ ಕೊಡಲಿ, ಕಾಲಿಗೆ ಏನೂ ಇಲ್ಲ.
'ಎಕ್ಕಡಿಕಪ್ಪಾ?' ಎಂದು ಇಂಗ್ಲಿಷ್ ಅಕ್ಷರದಲ್ಲಿ ಕೇಳಿದ.
ನಾನು ಗಾಯ ಮಾಯಿಸುವವನು, ಹೊಡೆಯಲು ಬಾರದು.
ಅವನಿಗೆ ಹೊಡೆಯುವುದು ಬಿಟ್ಟು ಬೇರೇನೂ ಬಾರದು.
ದಾರಿಯುದ್ದ ಮಾತು: ಅವನ ಕೆಟ್ಟುನಿಂತ ಲೂನಾ, ನಮ್ಮ ಗೂಡಿನ ರೇಟು,
ಅವನ ತಂಗಿ ಮನೆ ಬಿಟ್ಟು ಹೋದದ್ದು,
ಅದನ್ನು ಬೇರೆ ಯಾರಿಗೂ ಹೇಳಿರಲಿಲ್ಲವಂತೆ.
ಆಚೆ ಮುಟ್ಟಿದಾಗ ಒಂದು ಕೆಟಲು ಕೊಟ್ಟ.
ತುಕ್ಕು ಹಿಡಿದದ್ದು. ಕಾಯುವುದಿಲ್ಲ, ಸುರಿಯುವುದಿಲ್ಲ,
ಯಾವ ವ್ಯಾಪಾರಿಯೂ ಕೊಳ್ಳುವುದಿಲ್ಲ.
'ಇಟ್ಟುಕೋ ಜಬಿ, ಯಾವತ್ತಾದರೂ ಇದರಲ್ಲಿ ಟೀ ಆಗುತ್ತೆ.'
ಅಪ್‌ಡೇಟಿಗೆ ಅಪ್‌ಡೇಟು ಕಾದೆವು. ಆಗಲಿಲ್ಲ.
ಅವನು ಬರುವುದು ಕಡಿಮೆಯಾಯಿತು. ಆಮೇಲೆ ನಿಂತಿತು.

ಈಗ ಗುಂಡಿಯೊತ್ತಿದರೆ ಬಯಲಿನ ಆಚೆ.
ತೋಳಗಳಿವೆ ಪಾಪ, ಯಾರನ್ನು ತಿನ್ನಬೇಕೆಂದು ತಿಳಿಯದೆ
ಉಪ್ಪಿನ ಮೇಲೆ ಸುತ್ತುತ್ತವೆ.
ಬಾಲದ ಕೂದಲು ಬಹಳ ಚೆಂದ ಮಾಡಿದ್ದಾರೆ.
ಸುಣ್ಣಕ್ಕಿಂತ ಬೆಳ್ಳಗಿನ ಕುದುರೆ ಎಂಟುನೂರು ರೂಪಾಯಿ.
ನಾನು ನಾಲ್ಕು ತಿಂಗಳು ನಿದ್ದೆಗೆಟ್ಟು ಕಲಿತ ಮಂತ್ರ
ಇನ್ನೂರೈವತ್ತಕ್ಕೆ, ಹಬ್ಬದ ರಿಯಾಯಿತಿ.

ಗಂಟು ಬಿಚ್ಚಿ ನೋಡಿದೆ. ಕೆಟಲಿಲ್ಲ.
ಚೀಟಿಯೊಂದಿತ್ತು:
ಬಳಕೆಯಲ್ಲಿಲ್ಲದ ವಸ್ತುಗಳನ್ನು ತೆಗೆಯಲಾಗಿದೆ.
ಪರಿಹಾರ, ಮೂರು ನೀಲಿ ನಾಣ್ಯ.
ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದು ಟೋಪಿಯ ರಿಬ್ಬನ್ನು.
ಐದು.

ಬೈಯಬೇಕೆನಿಸಿತು. ಯಾರನ್ನು?
ಗೂಡಿನ ಮಾರುಕಟ್ಟೆಯಲ್ಲಾದರೆ ತೂಕ ತಪ್ಪಿಸಿದವನ
ಮುಖ ಕಾಣುತ್ತೆ, ಅವರಜ್ಜನ ಹೆಸರೂ ಗೊತ್ತಿರುತ್ತೆ,
ಬೈದು ಬೈದು ಬಾಯಾರಿ
ಅವನ ಹತ್ತಿರವೇ ಒಂದು ಬೀಡಿ ಕೇಳಬಹುದು.

ಇಲ್ಲದ ಊರಿನ ಇಲ್ಲದ ಕೆಟಲಿಗೆ
ಊಟ ಬಿಟ್ಟವನು ನೀನೊಬ್ಬನೇ, ಎಂದು ಅಮ್ಮಿ ನಗುತ್ತಾಳೆ.
ಅವಳೇ ಕಲಿಸಿದ್ದು, ಬಿಸಿನೀರಲ್ಲಿ ಎಳೆ ಕಡಿದರೆ
ಗೂಡು ಎಸೆಯಬಾರದು, ಬೆರಳು ಸುಟ್ಟರೂ ತುದಿ ಹುಡುಕಬೇಕು ಅಂತ.
ಇದಕ್ಕೂ ಅದಕ್ಕೂ ಏನು ಸಂಬಂಧವೋ.

ಇನ್ನೂ ಹೋಗುತ್ತೇನೆ. ಗುಂಡಿ ಒತ್ತುವುದಿಲ್ಲ.
ಬುಟ್ಟಿ ಬೋರಲು ಹಾಕಿ ಅದರ ಮೇಲೆ ಹಳೆ ಲ್ಯಾಪ್‌ಟಾಪು,
ನಡೆಯುವ ಕೀಲಿಯ ಮೇಲೆ ತಕ್ಕಡಿಯ ಐವತ್ತು ಗ್ರಾಮಿನ ಬಟ್ಟು,
ನಾನು ನೂಲು ತೆಗೆಯುತ್ತಿರುತ್ತೇನೆ,
ಅಲ್ಲಿ ಅವನು ನಡೆಯುತ್ತಿರುತ್ತಾನೆ.

ಮೊನ್ನೆ ಬಿಳಿ ಕುದುರೆಯೊಂದು ದಾಟಿ ಹೋಗಿ,
ನಿಂತು, ತಿರುಗಿ ಬಂತು.
ಮೇಲೊಬ್ಬ, ಮೈತುಂಬ ಕೊಂಡ ಚಿನ್ನ.
'ಯಾಕೆ ನಡೀತಿದೀಯ? ನೀನು ಬಾಟಾ?'
ನನ್ನ ಎರಡೂ ಕೈ ಬೇಸಿನ್ನಿನಲ್ಲಿದ್ದವು,
ಬಿಟ್ಟರೆ ಎಂಟು ಎಳೆ ಒಟ್ಟಿಗೆ ಹೋಗುತ್ತಿದ್ದವು.
ಲುಂಗಿಗೆ ಒರೆಸಿ, ಊದಿಕೊಂಡು, ಸುಕ್ಕುಗಟ್ಟಿದ ಬೆರಳಲ್ಲಿ
'ಅಲ್ಲ, ಮನುಷ್ಯ. ಮುಂದೆ ಒಂದು ಮರ' ಎಂದು ಕುಟ್ಟುವಷ್ಟರಲ್ಲಿ
ಉಪ್ಪಿನ ಮೇಲೆ ನಾಲ್ಕು ಗೊರಸಿನ ಗುರುತು.

ಅದನ್ನೂ ಚೆನ್ನಾಗಿ ಮಾಡಿದ್ದಾರೆ,
ನಿಧಾನಕ್ಕೆ ಮಾಸುತ್ತೆ.