ತೂಬಿನ ಪಿಳ್ಳಪ್ಪ

ಆಟಕ್ಕೊಂದು ಕಾವಲು ಹೆಣ ಬೇಕಿತ್ತು.
ಚೌಕುಳಿ ಹಾಳೆಯಲ್ಲಿ ಬರೆದೆ: ತೂಬಿನ ಪಿಳ್ಳಪ್ಪ.
ಪ್ರಾಣ ಅರವತ್ತು. ಕತ್ತಿ ನಾಟದು. ಬೆಂಕಿಗೆ ಹೆದರ.
ಕೈಯಲ್ಲಿ ಸನಿಕೆ, ಪಕ್ಕೆಲುಬಿನ ಸಂದಿಯಲ್ಲಿ ಜೊಂಡು,
ಕಣ್ಣಿದ್ದ ಕಡೆ ಎರಡು ಬಸವನಹುಳು.
ಕಾಯುವುದು: ಕೆರೆ.

"ಯಾವ ಕೆರೆ?" ಜುಬೇದಾ ದಾಳ ಕುಲುಕುತ್ತ ಕೇಳಿದಳು.
ಈಜಿಪುರ, ಮೂರನೇ ಮಹಡಿ, ರಾತ್ರಿ ಹನ್ನೊಂದು.
ಕೆಳಗೆ ನೀರಿನ ಟ್ಯಾಂಕರು
ಪೀಂ ಪೀಂ ಎನ್ನುತ್ತ ಹಿಂದಕ್ಕೆ ಬರುತ್ತಿತ್ತು.
"ಇದೇ," ಅಂದೆ.

ಇಪ್ಪತ್ತು ಮುಖದ ದಾಳ ಉರುಳಿ ನಿಂತಿತು: ಇಪ್ಪತ್ತು.
ಒಂದೇ ಏಟಿಗೆ ಮುಗಿಸಬಹುದಿತ್ತು.
ಮುಗಿಸಲಿಲ್ಲ.
"ತಾತಾ, ನಿಂಗೇನು ಬೇಕು?"

ಈಗ ನಾನು ಅವನ ದನಿಯಲ್ಲಿ ಮಾತಾಡಬೇಕು.
ಮುಕ್ತಿ? ಬಲಿ? ಹಾಳೆಯಲ್ಲಿ ಬರೆದೇ ಇಲ್ಲ.
ಗಂಟಲಲ್ಲಿ ಹಳೇ ಕೆಸರು ಅಲುಗಿದಂತಾಯಿತು:

"ಇವತ್ತು ಯಾರ್ ಗದ್ದೆ ಸರದೀನವ್ವಾ?
ಅಷ್ಟ್ ಹೇಳು. ತೂಬು ಎತ್ತಬೇಕು."