ಹೆಸರಿಲ್ಲದ ಗುಂಡಿಗಳು

ಗುಂಡಿ, ಅಂದಿತು ಯಂತ್ರದ ದನಿ.
ಮತ್ತೆ, ಗುಂಡಿ.
ಮೂರನೆಯದೂ ಗುಂಡಿಯೇ.
ಓಂದೀನಾ ಕ್ರೆವಾತಿನ್ ಕತ್ತು ಓರೆ ಮಾಡಿ ಕೇಳಿಸಿಕೊಂಡಳು.
"ಯಾವುದರಲ್ಲಿ ಬೀಳಲಿ?" ಎಂದಳು.

ನಗಬೇಕೋ ಬೇಡವೋ ತಿಳಿಯದೆ
ನಾವು ನಾಲ್ವರು ಕಾಫಿ ಕಲಕಿದೆವು.
ತ್ರಿಯೆಸ್ತೆಯಲ್ಲಿ ಕಾಫಿಗೆ ಹತ್ತಾರು ಹೆಸರು:
ಬರೀ ಕಪ್ಪಾದರೆ ನೇರೋ, ಹಾಲು ಸೋಕಿದರೆ ಕಾಪೋ,
ಅದೇ ಗಾಜಿನ ಲೋಟಕ್ಕಿಳಿದರೆ ಬೇರೆಯೇ ಒಂದು.
ಒಂದು ಗುಟುಕಿಗೆ ಇಷ್ಟು ಹೆಸರಿಟ್ಟ ಊರಿನವಳು ನಾನು,
ಆಸ್ಪತ್ರೆಯ ಪುಟದ ಮೂರು ಗುಂಡಿಗೆ
ಒಂದೂ ಇಟ್ಟಿರಲಿಲ್ಲ.

ಬಣ್ಣ ಇಟ್ಟಿದ್ದೆ.
ಹಸಿರೆಂದರೆ ಸಮಯ ಕಾಯ್ದಿರಿಸು, ಕೆಂಪೆಂದರೆ ರದ್ದು,
ಬೂದು ಹಿಂದಕ್ಕೆ.
ಆ ಹಸಿರಿಗಾಗಿ ಝೋರ್ಕೋನೂ ನಾನೂ
ಎರಡು ವಾರ ಜಗಳವಾಡಿದ್ದೆವು,
ಕಡಲಿನ ಹಸಿರೋ ಪುದೀನದ್ದೋ ಎಂದು.

ಓಂದೀನಾ ಕೆಂಪನ್ನು ಒತ್ತಿದಳು.
ಮಂಡಿನೋವಿನ ವೈದ್ಯರ ಬಳಿ ಅವಳಿಗಿದ್ದ ಮಂಗಳವಾರ
ಸದ್ದಿಲ್ಲದೆ ಹೋಯಿತು.
"ಇದು ಬರೀ ಪರೀಕ್ಷೆ, ಪರವಾಗಿಲ್ಲ" ಎಂದೆ.
"ಹೋದ ಸಲದ್ದು ಪರೀಕ್ಷೆಯಾಗಿರಲಿಲ್ಲ" ಎಂದಳು.

ಪಕ್ಕದ ಕುರ್ಚಿಯಲ್ಲಿ ದುಯೀಲಿಯೋ,
ಬಂದರಿನಲ್ಲಿ ನಲವತ್ತು ವರ್ಷ
ಹಡಗಿನ ದಿಕ್ಸೂಚಿ ರಿಪೇರಿ ಮಾಡಿದವರು.
ಕೂದಲೆಳೆಯಂಥ ಮುಳ್ಳು ಕೂರಿಸಿದ ಬೆರಳು
ಈಗ ತಾವೇ ಮುಳ್ಳಾಗಿ ಅದುರುತ್ತವೆ
ಉತ್ತರ ಹುಡುಕುತ್ತ.
ಕೀಲಿಮಣೆಗೆ ತೂತಿನ ಹಲಗೆ ಹೊದಿಸಿ
ಒಂದೊಂದೇ ಅಕ್ಷರ ಇಳಿಸುತ್ತಾರೆ, ಬಾವಿಗೆ ಕೊಡ ಇಳಿಸುವಂತೆ.
ಮನೆತನದ ಹೆಸರಿನ ಆರನೆಯ ಅಕ್ಷರಕ್ಕೆ ಬಂದಾಗ
ಪರದೆ ಕೇಳಿತು: ನೀವು ಇನ್ನೂ ಇದ್ದೀರಾ?

"ಇದ್ದೇನೆ!" ಎಂದರು, ಗಟ್ಟಿಯಾಗಿ.

ಪುಟಕ್ಕೆ ಕಿವಿ ಇರಲಿಲ್ಲ. ಮೊದಲಿನಿಂದ ಶುರು.
ಕೈ ಕೊಟ್ಟಿತು ನೋಡಿ, ಎಂದು
ತಮ್ಮ ಕೈಯನ್ನೇ ಬೈದುಕೊಂಡರು.
ಕೈ ಕೊಟ್ಟದ್ದು ಅದಲ್ಲ.
ಅರವತ್ತು ಸೆಕೆಂಡು ಎಂದು ಬರೆದವಳು ನಾನು,
ಒಂದು ಶುಕ್ರವಾರ, ಊಟಕ್ಕೆ ಏಳುವ ಮುಂಚೆ.
ಯಾಕೆ ಅರವತ್ತು ಎಂದು ಯಾರೂ ಕೇಳಲಿಲ್ಲ.
ಕೇಳಿದ್ದರೆ, ದುಂಡಗಿದೆಯಲ್ಲ, ಎನ್ನುತ್ತಿದ್ದೆನೇನೋ.

ಸಂಜೆ ಬೋರಾ ಎದ್ದಿತು,
ಗುಡ್ಡದಿಂದ ಧುಮುಕಿ ಕಡಲಿಗೆ ಓಡುವ ನಮ್ಮೂರ ಗಾಳಿ.
ಕಸದ ತೊಟ್ಟಿಗಳು ತಾವಾಗಿ ರಸ್ತೆ ದಾಟಿದವು.
ಕಣ್ಣು ನೆಟ್ಟಗಿದೆ, ಕಾಲು ನೆಟ್ಟಗಿದೆ,
ಆದರೂ ಮೂಲೆ ತಿರುಗಲಾರದೆ
ದೀಪದ ಕಂಬ ತಬ್ಬಿ ನಿಂತೆ, ನಲವತ್ತರ ಹೆಂಗಸು.

ಹಿಂದೆ ಇಂಥ ದಿನ ಬೀದಿಯುದ್ದ ಹಗ್ಗ ಕಟ್ಟುತ್ತಿದ್ದರು.
ನನ್ನ ಅಜ್ಜಿ ಹಿಡಿದು ನಡೆದವಳು.
ಅವಳ ಮುಂದೆ ನ್ಯಾಯಾಧೀಶ, ಹಿಂದೆ ಮೀನಿನವಳು,
ಮೂವರದೂ ಅದೇ ಹಗ್ಗ, ಅಂಗೈಗೆ ಅದೇ ಉರಿ.
ಅರ್ಜಿ ಹಾಕಿದವರಿಲ್ಲ, ಪ್ರಮಾಣಪತ್ರ ತೋರಿಸಿದವರಿಲ್ಲ.
ಕರುಣೆ ಎಂದು ಅದನ್ನು ಯಾರೂ ಕರೆಯಲಿಲ್ಲ,
ಹಗ್ಗ ಎಂದೇ ಕರೆದರು.

ರಾತ್ರಿ ಪರದೆಯ ಬೆಳಕು ಪೂರ್ತಿ ಆರಿಸಿ
ನನ್ನ ಪುಟವನ್ನು ಕಿವಿಯಿಂದ ಓದಿದೆ.
ಹನ್ನೊಂದು ಗುಂಡಿ.
ನಾನೇ ತೋಡಿದವು, ನಾಲ್ಕರಲ್ಲಿ ನಾನೇ ಬಿದ್ದೆ.
ಅರವತ್ತನ್ನು ಅಳಿಸಿದೆ.
ಅದರ ಜಾಗಕ್ಕೆ ಎಷ್ಟು ಎಂದು ಹೊಳೆಯಲಿಲ್ಲ,
ದುಯೀಲಿಯೋ ಅವರನ್ನೇ ಕೇಳಬೇಕು.
ಕೆಂಪಿನ ಹಿಂದೆ ಬರೆದೆ:
ಈ ಸಮಯವನ್ನು ರದ್ದುಮಾಡು, ಮೊದಲು ಒಮ್ಮೆ ಕೇಳು.
ಉದ್ದವಾಯಿತು ಅನ್ನಿಸಿತು. ಹಾಗೇ ಬಿಟ್ಟೆ.

ಕಿಟಕಿಯ ಬಾಗಿಲು ಇನ್ನೂ ಬಡಿಯುತ್ತಿತ್ತು.
ನಾಳೆ ಝೋರ್ಕೋ ಬಗ್ಗಿ ನೋಡಿ ಕೇಳುತ್ತಾನೆ:
ಇಡೀ ರಾತ್ರಿ ಬರೆದೆಯಲ್ಲ, ಎಲ್ಲಿ ಕಾಣುತ್ತದೆ ಇದು?

ಎಲ್ಲೂ ಕಾಣುವುದಿಲ್ಲ.