ಹೊಟ್ಟಿನುರಿ

ಟೈರಿನದು ಒಳ್ಳೇ ಉರಿ, ಸುಳ್ಳು ಹೇಳಲಾರೆ.
ಒಂದು ತುಂಡು ಒಲೆಗೆ ನೂಕಿ ಬೀಡಿ ಹಚ್ಚಿದರೆ
ಬೀಡಿ ತೀರಿ, ಚಹಾ ತೀರಿ,
ಚಮನ್ ಸಾಬನ ಕೋರ್ಟು ಕೇಸಿನ ಕತೆಯೂ ತೀರಿ
ಅದು ಮಾತ್ರ ಒಳಗೆ ಇನ್ನೂ ಜಗಿಯುತ್ತಿರುತ್ತಿತ್ತು.

ಪಿ.ಬಿ. ರೋಡಿನಲ್ಲಿ ಸವೆದ ಲಾರಿಯ ಗಾಲಿ;
ಅದಕ್ಕೂ ಹಿಂದೆ ಯಾವುದೋ ಕಡಲಿನ ತಳದಲ್ಲಿ
ಹೆಸರಿಲ್ಲದ ಪಾಚಿ, ಎಣಿಕೆಗೆ ಸಿಗದಷ್ಟು ವರ್ಷ ನಿದ್ದೆ.
ಅದನ್ನು ಎಬ್ಬಿಸಿ ತಂದು ನಾವು ದಾವಣಗೆರೆಯಲ್ಲಿ
ಸಂಜೆಯ ಖಾರ ಮಂಡಕ್ಕಿಗೆ ಅಕ್ಕಿ ಅರಳಿಸಿದೆವು.
ಮಿರ್ಚಿ ಕಚ್ಚಿದವರು ಹಾ ಎಂದರು. ಯಾರೂ ಕೇಳಲಿಲ್ಲ.

ಮಂಡಕ್ಕಿ ಬೆಳ್ಳಗೆ. ನಾವು ಕರ್ರಗೆ.
ನಡುವೆ ಓಣಿಯಲ್ಲಿ ಒಣಹಾಕಿದ ಬಟ್ಟೆ, ಬೂದು.
ನನ್ನ ನಗೀನಾ ಮೂಗು ಒರೆಸಿದ ಕರ್ಚೀಫು ತೋರಿಸಿ
"ಅಬ್ಬಾ, ಇದು ನಿಮ್ಮದು" ಎಂದಳು,
ದಾರಿಯಲ್ಲಿ ಬಿದ್ದ ಹತ್ತು ರೂಪಾಯಿ ಹಿಂದಿರುಗಿಸುವ ಹಾಗೆ.

ಆಮೇಲೆ ಒಂದು ಸೋಮವಾರ ಟೈರಿನ ಲಾರಿ ಬರಲಿಲ್ಲ.
ಟ್ರ್ಯಾಕ್ಟರ್ ಬಂತು, ಜಗಳೂರಿನ ಓಬಳೇಶಿಯದು,
ಮೇಲೆ ಭತ್ತದ ಹೊಟ್ಟು, ಶೇಂಗಾ ಸಿಪ್ಪೆ,
ಮೆಕ್ಕೆಜೋಳದ ಬೆಂಡು ಪುಡಿಮಾಡಿ ಒತ್ತಿದ
ಮುಂಗೈ ದಪ್ಪದ ಕೊರಡು.
ಚಮನ್ ಸಾಬ ಒಂದನ್ನು ಎತ್ತಿ ಮೂಸಿ ನೋಡಿದ.
"ಸುಗ್ಗಿ ವಾಸನೆ ಬರ್ತದಲ್ಲೋ ಬುಡೇನ್, ಇದು ಉರೀತದಾ?"

ಉರಿಯಿತು. ಆದರೆ ಕೂರಲು ಬಿಡಲಿಲ್ಲ.
ಹೊಟ್ಟನ್ನು ಹಿಡಿ ಹಿಡಿಯಾಗಿ ಎರಚುತ್ತಲೇ ಇರಬೇಕು,
ಹೆಚ್ಚಾದರೆ ಮುನಿಸು, ಕಮ್ಮಿಯಾದರೆ ನಿದ್ದೆ,
ಕಣ್ಣಲ್ಲಿ ಧೂಳು, ಅಂಗಿಯೊಳಗೆ ಸುಂಕು.
ಹೊಟ್ಟೆಯುರಿ ನನಗೆ ಹಳೇ ಪರಿಚಯ;
ಹೊಟ್ಟಿನುರಿ ಕಲಿಯಲು ಒಂದು ಬೇಸಿಗೆ ಹಿಡಿಯಿತು.

ಕಲಿತ ರಾತ್ರಿ ಕಂಡದ್ದು ಇಷ್ಟು:
ಭದ್ರಾ ಕಾಲುವೆಯ ನೀರು ಕುಡಿದ ಒಂದೇ ತೆನೆ,
ಮಿಲ್ಲಿನ ಈ ಬಾಗಿಲಲ್ಲಿ ಅಕ್ಕಿ, ಆ ಬಾಗಿಲಲ್ಲಿ ಹೊಟ್ಟು,
ಬೇರೆ ಬೇರೆ ಗಾಡಿ ಹತ್ತಿ ಹೋದವು
ಇಲ್ಲಿ ನನ್ನ ಭಟ್ಟಿಯಲ್ಲಿ ಮತ್ತೆ ಎದುರಾಗಿದ್ದವು,
ಒಂದು ಬಿಸಿಮರಳಿನಲ್ಲಿ, ಒಂದು ಬಾಣಲೆಯ ಅಡಿಯಲ್ಲಿ.
ತನ್ನದೇ ಅಂಗಿ ಉರಿದ ಕಾವಿಗೆ
ಅಕ್ಕಿ ಚಟಚಟನೆ ಅರಳುತ್ತಿತ್ತು.
ಹೋದ ಕಾರ್ತಿಕದ ಬಿಸಿಲು ಅದು,
ಬರುವ ಕಾರ್ತಿಕಕ್ಕೆ ಮತ್ತೆ ತೆನೆಗಿಳಿಯುತ್ತದೆ.
ಕಡಲ ತಳದ ಪಾಚಿಯನ್ನು
ಹಾಗೆ ವರ್ಷಕ್ಕೊಮ್ಮೆ ಕರೆಯಲಾದೀತೆ?

ಅಷ್ಟಕ್ಕೇ ಮುಗಿಸಿದ್ದರೆ ಚೆನ್ನಾಗಿತ್ತು.
ಓಬಳೇಶಿಯ ಸೋದರತ್ತೆ ಬಸಲಿಂಗಮ್ಮ ಬಂದಳು,
ಟ್ರ್ಯಾಕ್ಟರಿನ ಹೇರಿನ ಮೇಲೆಯೇ ಕೂತು, ಲೆಕ್ಕ ಕೇಳಲು.
"ಬೆಂಡೆಲ್ಲ ನಿಮ್ಮ ಭಟ್ಟಿಗೆ ಬಂದ್ರೆ ನನ್ನ ನೀರೊಲೆಗೇನು?
ದಂಟೂ ಕೊಯ್ದು ತಂದ್ರೆ ದನಕ್ಕೇನು, ನೆಲಕ್ಕೇನು?
ಹೊಲ ಅಂದ್ರೆ ಪೆಟ್ರೋಲ್ ಬಂಕೇನೋ, ನಳಿಕೆ ಹಿಡಿದು ನಿಲ್ಲೋಕೆ?"
ನನ್ನ ಬಳಿ ಉತ್ತರ ಇರಲಿಲ್ಲ.
ಎರಡು ಚೀಲ ಬೂದಿ ಹೊರಿಸಿದೆ, ಒಂದು ಚೀಲ ಮಂಡಕ್ಕಿ.
ಬೂದಿಯನ್ನೇ ಮೊದಲು ಕೈಯಲ್ಲಿ ತೂಗಿ ನೋಡಿದಳು.

ಇನ್ನೊಂದು ಮಾತು ಉಳಿದಿದೆ.
ಜಡಿಮಳೆ ಹಿಡಿದ ವಾರ ಹೊಟ್ಟು ನೆನೆದು
ಒಲೆ ಬರೀ ಕೆಮ್ಮುತ್ತಿತ್ತು. ನಲವತ್ತು ಚೀಲದ ಆರ್ಡರು.
ಗೋಡೆಯ ಹಿಂದೆ, ಮರೆತುಹೋಗಿದ್ದ ಒಂದು ಟೈರು.
ಚಮನ್ ಸಾಬ ಅದನ್ನು ನೋಡಿದ.
ನಾನು ಚಮನ್ ಸಾಬನನ್ನು ನೋಡಿದೆ.
ಹಾಕಿದೆವು. ಸುಳ್ಳು ಹೇಳಲಾರೆ.

ಬೆಳಿಗ್ಗೆ ಒಲೆ ಬಳಿದಾಗ
ಹೊಟ್ಟಿನ ಬೂದಿ ಸಲಿಕೆಗೆ ಹಗುರಾಗಿ ಬಂತು,
ಹೊಲದ ದಾರಿ ಅದಕ್ಕೆ ಗೊತ್ತು.
ಟೈರಿನದು ತಂತಿ ಉಳಿದಿತ್ತು, ಸಿಕ್ಕುಸಿಕ್ಕಾಗಿ,
ಎಲ್ಲಿಡಲಿ ಎಂದು ಕೈಯಲ್ಲಿ ಹಿಡಿದು ನಿಂತೆ.
ಶಾಲೆಗೆ ಹೊರಟ ನಗೀನಾ ಆ ದಾರಿಯಲ್ಲೇ ಬಂದಳು,
ಕರ್ಚೀಫು ಮೂಗಿಗೆ ಹಿಡಿದು, ಏನೂ ಕೇಳದೆ.